ಅಂಬರಾಯ ಹಾಜರಿ ಕೊಟ್ಟದ್ದು

ದಂಡೋತಿಯ ಅಂಬರಾಯ ಹುಟ್ಟಾ ಸಂಶಯದ ಮನುಷ್ಯನೇನಲ್ಲ. ಆ ಬುದ್ಧಿ ಅವನಿಗೆ ಹತ್ತಿದ್ದು ಠಾಣೆಯಲ್ಲಿ. ಅದಕ್ಕೆ ಮೊದಲು ಅವನು ಅಪ್ಪನ ಹಾಗೆಯೇ ಕಾಗಿಣಾ ಹೊಳೆಯಲ್ಲಿ ಹರಗೋಲು ನಡೆಸಿಕೊಂಡು ಹಾಯಾಗಿದ್ದ. ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ಎಮ್ಮೆಗಳು ಕತ್ತೆತ್ತಿ ನೋಡಬೇಕು, ಅಂಥ ಗಂಟಲು. ಆ ಗಂಟಲು ಕೇಳಿಯೇ ಚಿತ್ತಾಪುರದ ಮಡಿವಾಳಯ್ಯ ಎಂಬ ಹಾಡಿಕೆಯ ಗುರು ಅವನನ್ನು ಕರೆದು ಕೈಗೆ ಏಕತಾರಿ ಕೊಟ್ಟರು.

ಗುರುಗಳ ಅಂಗಳದಲ್ಲಿ ಪ್ರತಿ ಚಳಿಗಾಲ ಮೂರು ದಿನ ಹಾಡಿಕೆ ನಡೆಯುತ್ತಿತ್ತು. ಸೊಲ್ಲಾಪುರ, ಹೈದರಾಬಾದಿನಿಂದ ಕೇಳುವ ಮಂದಿ ರೈಲು ಹತ್ತಿ ಬರುತ್ತಿದ್ದರು. ಬಂದವರಿಗೆ ಎಳೆ ಜೋಳದ ತೆನೆ ಸುಟ್ಟ ಬಿಸಿಬಿಸಿ ಸೀತನಿ, ಬೆಲ್ಲ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಅಂಬರಾಯ ಹಾಡಿದರೆ ಪಕ್ಕದಲ್ಲಿ ಢೋಲಕ್ ನುಡಿಸುವವನು ಗುಲಾಮ ದಸ್ತಗೀರ. ಒಬ್ಬನು ಕೆಮ್ಮಿದರೆ ಇನ್ನೊಬ್ಬನಿಗೆ ತಾಳ ಗೊತ್ತಾಗುತ್ತಿತ್ತು. ಅಷ್ಟು ಕೂಡಿ ಬೆಳೆದವರು.

ಆಮೇಲೆ ನಲವತ್ತೆಂಟನೇ ಇಸವಿಯ ಮಳೆಗಾಲ ಬಂತು. ಒಂದು ಮಧ್ಯಾಹ್ನ ಅಂಬರಾಯ ದಸ್ತಗೀರನನ್ನು ಹೊಳೆ ದಾಟಿಸಲು ಹೊರಟಿದ್ದಾಗ ಬಂದೂಕು ಹಿಡಿದ ನಾಲ್ವರು ರಜಾಕಾರರು ಹರಗೋಲಿಗೆ ಹತ್ತಿ ಕೂತರು. ಎದೆಗೆ ಬಂದೂಕು ಹಿಡಿದವರಿಗೆ ಇಲ್ಲ ಅನ್ನಲಾದೀತೇ? ದಾಟಿಸಿದ. ತಿಂಗಳೊಪ್ಪತ್ತಿನಲ್ಲಿ ನಿಜಾಮನ ರಾಜ್ಯ ಹೋಗಿ ಸರಕಾರವೇ ಬದಲಾಯಿತು. ಠಾಣೆಗೆ ಬಂದ ಹೊಸ ಅಮೀನ, ಅವರನ್ನು ದಾಟಿಸಿದವನು ಯಾರು ಅಂತ ಕೇಳುತ್ತಾ ನೇರವಾಗಿ ಅಂಬರಾಯನ ಮನೆ ಬಾಗಿಲಿಗೇ ಬಂದು ನಿಂತ. ಹೆಸರು ಹೇಳಿದವನು ಯಾರು? ಹರಗೋಲಿನಲ್ಲಿದ್ದ ಇನ್ನೊಬ್ಬ ಪರಿಚಯದವನು ದಸ್ತಗೀರ ಒಬ್ಬನೇ. ಅಂಬರಾಯ ಅಲ್ಲಿಗೆ ಲೆಕ್ಕ ಮುಗಿಸಿದ.

ಒಂದು ವರ್ಷ ಪ್ರತಿ ಸೋಮವಾರ ಚಿತ್ತಾಪುರದ ಠಾಣೆಗೆ ಹೋಗಿ ಎಡಗೈ ಹೆಬ್ಬೆಟ್ಟು ಒತ್ತಿ ಬರಬೇಕಾಯಿತು. ಅದಕ್ಕೆ ಹಾಜರಿ ಅನ್ನುತ್ತಿದ್ದರು. ಹಾಡು ಬಿಟ್ಟ. ಏಕತಾರಿ ಗೂಟದಲ್ಲೇ ಉಳಿಯಿತು. ಹೋದ ವರ್ಷ ಗುರುಗಳು ತೀರಿಕೊಂಡಾಗ ದಸ್ತಗೀರ ಎದುರಾಗುತ್ತಾನೆ ಅಂತ ಮಣ್ಣಿಗೂ ಹೋಗಲಿಲ್ಲ, ಪಾಪಿ.

ಐವತ್ತೆರಡನೇ ಇಸವಿಯ ಜನವರಿಯಲ್ಲಿ ಒಂದು ಕಾರ್ಡು ಬಂತು. ಕಿರಾಣಿ ಅಂಗಡಿಯ ಕಲ್ಯಾಣಪ್ಪ ಕನ್ನಡಕ ಏರಿಸಿ ಓದಿದ: “ಇದೇ ತಿಂಗಳ ಹನ್ನೆರಡನೇ ತಾರೀಖು ಮುಂಜಾನೆ ಚಿತ್ತಾಪುರಕ್ಕ ಬಂದು ಹಾಜರಿ ಕೊಡಬೇಕು. ಹೈದರಾಬಾದಿನ ಸಾಹೇಬರು ಬರಾಕತ್ತಾರ. ಎಲ್ಲಾರ ಹೆಸರು ಬರಕೊಳ್ತಾರ. ತಪ್ಪಬಾರದು.”

“ಯಾರು ಬರದಾರ್ರಿ ಸಾವುಕಾರ್ರ?”

“ಕೆಳಗ ರುಜು ಉರ್ದುದಾಗ ಅದ. ಅದು ನನಗ ಬರಂಗಿಲ್ಲಪಾ. ಠಾಣೇದವರೇ ಇರಬೇಕು.”

ಇರಬೇಕೇನು, ಅವರೇ. ನಮ್ಮವರಾದರೆ ಹನ್ನೆರಡನೇ ತಾರೀಖು ಅನ್ನದೆ ಬನದ ಹುಣ್ಣಿಮೆ ಅನ್ನುತ್ತಿದ್ದರು. ತಾರೀಖು ಹಾಕುವವರು ಸರಕಾರದವರು. ಚಿತ್ತಾಪುರದಲ್ಲಿ ಎಲ್ಲಿ ಅಂತ ಬರೆದಿರಲಿಲ್ಲ. ಹಾಜರಿ ಅಂದ ಮೇಲೆ ಎಲ್ಲಿ ಅಂತ ಕೇಳುವುದೇನಿದೆ?

ಮನೆಯಲ್ಲಿ ಹೆಂಡತಿ ಯಂಕಮ್ಮ, “ಹಾಜರಿ ಮುಗದು ಎರಡು ವರ್ಷ ಆತಲ್ರಿ, ಮತ್ತ ಎದಕ್ಕ ಕರದಾರ?” ಅಂದಳು. ಅಂಬರಾಯ ಕಾರ್ಡು ಮಡಚಿ ಕಿಸೆಗೆ ಹಾಕಿಕೊಂಡ. ಎದಕ್ಕೆ ಅಂತ ಅವನಿಗೆ ಗೊತ್ತಿತ್ತು. ಯಂಕಮ್ಮನಿಗೂ ಹೇಳದ ಒಂದು ಮಾತು ಅವನ ಹೊಟ್ಟೆಯಲ್ಲಿತ್ತು. ಅವತ್ತು ಠಾಣೆಗೆ ಒಯ್ದು ಅಮೀನ ಕೇಳಿದ್ದ: “ಹರಗೋಲಿನ್ಯಾಗ ಢೋಲಕ್ ಹಿಡಕೊಂಡು ಕುಂತಿದ್ದನಲ್ಲ, ಅಂವ ಯಾರು? ನಿನಗ ಗೊತ್ತದೇನು?” ಅಂಬರಾಯ ಗೊತ್ತಿಲ್ಲ ಅಂದಿದ್ದ. ಗೊತ್ತು ಅಂದರೆ ತನ್ನನ್ನೂ ರಜಾಕಾರರೊಳಗೆ ಸೇರಿಸುತ್ತಾರೆ ಅಂತ ಹೆದರಿ ಅಂದ ಸುಳ್ಳು. ದಸ್ತಗೀರನನ್ನು ಎಂಟು ತಿಂಗಳು ಒಳಗೆ ಹಾಕಿದರು. ನನ್ನ ಹೆಸರು ಹೇಳಿದವನಿಗೆ ಹಾಗೆಯೇ ಆಗಬೇಕು ಅಂತ ಅಂಬರಾಯ ನೂರು ಸಲ ಅಂದುಕೊಂಡಿದ್ದ. ನೂರು ಸಲವೂ ಸಮಾಧಾನ ಆಗಿರಲಿಲ್ಲ. ಈಗ ಆ ಸುಳ್ಳು ಬಯಲಾಗಿದೆ, ತನ್ನನ್ನು ಒಳಗೆ ಹಾಕುತ್ತಾರೆ.

ಹನ್ನೆರಡರಂದು ಹೊತ್ತು ಹುಟ್ಟುವಾಗ ಕಂಬಳಿ ಸುತ್ತಿ ಹೆಗಲಿಗೇರಿಸಿ, ನಾಲ್ಕು ದಿನಕ್ಕಾಗುವಷ್ಟು ರೊಟ್ಟಿ ಕಟ್ಟಿಸಿಕೊಂಡು ಹೊರಟ. ಯಂಕಮ್ಮ ಬಾಗಿಲಲ್ಲಿ ಅಳುತ್ತಾ ನಿಂತಳು. ಅವನು ಹಿಂದಿರುಗಿ ನೋಡಲಿಲ್ಲ, ನೋಡಿದರೆ ಕಾಲು ಬರುತ್ತಿರಲಿಲ್ಲ.

ಠಾಣೆಯಲ್ಲಿ ಒಬ್ಬನೇ ಪೊಲೀಸ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಾ ಕೂತಿದ್ದ. ಕಾರ್ಡು ಓದಿ ತಲೆ ಕೆರೆದುಕೊಂಡ. “ಇವತ್ತ ಇಲ್ಲಿ ಯಾವ ಹಾಜರಿನೂ ಇಲ್ಲೋ ಮಾರಾಯ. ಹೈದರಾಬಾದ್ ಸಾಹೇಬರು ಮಡಿವಾಳಯ್ಯನವರ ಅಂಗಳದಾಗ ಇಳದಾರ. ಅಲ್ಲೇ ಹೋಗಿ ಕೇಳು.”

ಗುರುಗಳ ಅಂಗಳದಲ್ಲೇ ಹಾಜರಿ! ಎಲ್ಲರನ್ನೂ ಒಂದೇ ಕಡೆ ಕೂಡಿಸಿ ಹಿಡಿಯುವ ಹಂಚಿಕೆ ಅಂತ ಅವನಿಗೆ ಖಾತ್ರಿಯಾಯಿತು. ಓಡಿಹೋದರೆ ಯಂಕಮ್ಮನನ್ನು ಕಾಡುತ್ತಾರೆ. ಅದಕ್ಕೇ ಹೋದ.

ಅಂಗಳದಲ್ಲಿ ಜಮಖಾನೆ ಹಾಸಿತ್ತು. ಊರಿನವರಲ್ಲದ ಹತ್ತು ಹದಿನೈದು ಮಂದಿ ಸೀತನಿ ಮುಕ್ಕುತ್ತಾ ಕೂತಿದ್ದರು. ಕೋಟು ಹಾಕಿದವನೊಬ್ಬ ಇವನ ಕಂಬಳಿಯನ್ನೇ ನೋಡಿದ. ಇಸ್ತ್ರಿ ಪೈಜಾಮಾದ ಇನ್ನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಅಂದ. ಇಷ್ಟು ಸ್ವಚ್ಛ ಬೂಟು ಸರಕಾರದವರದಲ್ಲದೆ ಮತ್ಯಾರದು? ಬಾಗಿಲ ಬಳಿ ಕುರ್ಚಿಯಲ್ಲಿ ಕೂತ ಮುದುಕ ಸಾಹೇಬರ ಮುಂದೆ ದಪ್ಪ ಬುಕ್ಕಿತ್ತು.

“ಬರ್ರಿ. ಹಾಜರಿ ಕೊಡಾಕ ಬಂದೀರೇನು? ಹೆಸರು ಹೇಳ್ರಿ.”

“ಅಂಬರಾಯ, ದಂಡೋತಿ,” ಅಂದವನೇ ಎಡಗೈ ಹೆಬ್ಬೆಟ್ಟನ್ನು ಮುಂದೆ ಚಾಚಿ ನಿಂತ.

ಸಾಹೇಬರು ಹೆಬ್ಬೆಟ್ಟನ್ನು ನೋಡಿದರು, ಅವನ ಮುಖ ನೋಡಿದರು, ಪೆನ್ನು ಎತ್ತಿದವರು ಹಾಗೇ ಕೂತರು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಆ ಹೆಬ್ಬೆಟ್ಟನ್ನು ಮಡಚಿ ಹಿಡಿಯಿತು. ದಸ್ತಗೀರ. ಗಡ್ಡ ಅರ್ಧ ಬೆಳ್ಳಗಾಗಿತ್ತು.

“ಆ ಹಾಜರಿ ಅಲ್ಲಣ್ಣ,” ಅಂದ. “ಕಾರ್ಡು ನಾನೇ ಬರಸೀನಿ. ಗುರುಗಳ ವರ್ಷದ ದಿನ ಇವತ್ತ. ದರ್ಗಾದಾಗ ಉಸ್ತಾದರ ಮುಂದ ಹಾಡೂದಕ್ಕ ನಾವು ಹಾಜರಿ ಅಂತೀವಲ್ಲ, ಅದು. ನೀವು ಸೇವಾ ಅಂತೀರಿ. ನನಗ ಹೊಳೀಲಿಲ್ಲ, ನಮ್ಮ ಮಾತು ಬರಸಿಬಿಟ್ಟೆ. ಸಾಹೇಬರು ಬರಕೊಳ್ಳೂದು ಹಾಡಾವರು, ನುಡಸಾವರ ಹೆಸರು ಅಷ್ಟ.”

ಅಂಬರಾಯ ಕೈ ಬಿಡಿಸಿಕೊಂಡ. ನಾಲ್ಕು ವರ್ಷದ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುತ್ತದೆಯೇ? “ಅಮೀನಗ ನನ್ನ ಹೆಸರು ಹೇಳಿದವ ನೀನೇ ಹೌದಲ್ಲೋ?”

“ಹೌದು, ನಾನೇ.”

ಇಷ್ಟು ನೇರ ಉತ್ತರ ಬರುತ್ತದೆ ಅಂತ ಅವನು ಅಂದುಕೊಂಡಿರಲಿಲ್ಲ.

“ನೀ ರಜಾಕಾರ ಅಂತ ನನಗ ಬಡದರು,” ಅಂದ ದಸ್ತಗೀರ. “ಅಲ್ಲ ಅಂದೆ. ಸಾಕ್ಷಿ ಯಾರು ಅಂದರು. ದಂಡೋತಿ ಅಂಬರಾಯನ್ನ ಕೇಳ್ರಿ, ನಾ ಯಾರು ಅಂತ ಅಂವ ಹೇಳ್ತಾನ ಅಂದೆ. ಮತ್ತ ಯಾರ ಹೆಸರು ಹೇಳಲಿ, ನೀನೇ ಹೇಳು.”

ಅಂಬರಾಯ ಹೆಗಲ ಕಂಬಳಿ ಇಳಿಸಿದ. ಜಮಖಾನೆಯ ಮೇಲೆ ಕೂತ. ಸಾಕ್ಷಿಗೆ ಕರೆದವನನ್ನೇ ಚಾಡಿಕೋರ ಅಂತ ನಾಲ್ಕು ವರ್ಷ ಬೈದುಕೊಂಡು ಬಂದಿದ್ದ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ದಸ್ತಗೀರ ಒಳಗಿಂದ ಗುರುಗಳ ಏಕತಾರಿ ತಂದು ಅವನ ತೊಡೆಯ ಮೇಲಿಟ್ಟ, ಢೋಲಕ್ ಎಳೆದುಕೊಂಡು ಪಕ್ಕದಲ್ಲಿ ಕೂತು ಹಗ್ಗ ಬಿಗಿಯತೊಡಗಿದ. ಕೋಟಿನವನು, ಪೈಜಾಮಾದವನು ಸೀತನಿ ಕೆಳಗಿಟ್ಟು ನೆಟ್ಟಗೆ ಕೂತರು. ಅವರು ಬಂದದ್ದು ಹಾಡು ಕೇಳುವುದಕ್ಕೆ, ಬೇರೆ ಯಾತಕ್ಕೂ ಅಲ್ಲ.

ಮುದುಕ ಸಾಹೇಬರು ಅಂಬರಾಯನ ಹೆಸರು ಬರೆದು ಮುಗಿಸಿ ಕೇಳಿದರು: “ಢೋಲಕ್ ಹಿಡಕೊಂಡು ಕುಂತಾವರು ಯಾರು?”

ದಸ್ತಗೀರ ಬಾಯಿ ತೆರೆಯುವಷ್ಟರಲ್ಲಿ ಅಂಬರಾಯ ಕೈ ಅಡ್ಡ ಹಿಡಿದ.

“ಗುಲಾಮ ದಸ್ತಗೀರ,” ಅಂದ. ಆ ದಂಡೆಗೆ ಕೇಳುವ ಗಂಟಲು ಇಷ್ಟು ದಿನದ ಮೇಲೆ ಹೊರಗೆ ಬಂತು. “ಬರಕೋರಿ ಸಾಹೇಬರ. ಇಂವ ನನಗ ಗೊತ್ತದಾನ. ಅವತ್ತೂ ಗೊತ್ತಿದ್ದ.”

ಸಾಹೇಬರು ಹೆಸರಷ್ಟೇ ಬರೆದುಕೊಂಡರು. ಉಳಿದದ್ದು ಅವರಿಗೆ ಅರ್ಥವಾಗಲಿಲ್ಲ.

ದಸ್ತಗೀರ ತಲೆ ತಗ್ಗಿಸಿ ಹಗ್ಗದ ಕೊನೆಯ ಗಂಟು ಬಿಗಿದ. “ನಾಲ್ಕು ವರ್ಷ ತಡಾ ಆತಣ್ಣ,” ಅಂದ. “ಇರಲಿ. ಶುರು ಮಾಡು.”