ದಿವ್ಯಾಳ ಹದಿನಾಲ್ಕು ಹೆಜ್ಜೆ

ಅದು 2022ನೇ ಇಸವಿ. ಕೊರೊನಾದಿಂದಾಗಿ ನಿಂತುಹೋಗಿದ್ದ ಅಂಗವೈಕಲ್ಯ ತಪಾಸಣಾ ಶಿಬಿರಗಳು ಆಸ್ಪತ್ರೆಗಳಲ್ಲಿ ಮತ್ತೆ ಶುರುವಾಗಿದ್ದವು. ಪಂಚಾಯತಿನ ಪುನರ್ವಸತಿ ಕಾರ್ಯಕರ್ತನಾಗಿ ಹದಿನಾಲ್ಕು ವರ್ಷ ದುಡಿದು ನಾನು ಆಗಷ್ಟೇ ನಿವೃತ್ತನಾಗಿದ್ದೆ. ಅಂಗವಿಕಲರ ಮನೆಗಳಿಗೆ ಹೋಗುವುದು, ಅರ್ಜಿ ತುಂಬಿಸುವುದು, ಕಚೇರಿಗಳಲ್ಲಿ ಅವರ ಪರವಾಗಿ ಮಾತಾಡುವುದು ಆ ಹುದ್ದೆಯ ಕೆಲಸ. ನಿವೃತ್ತಿಯ ನಂತರವೂ ಅದನ್ನೇ ಸಂಬಳವಿಲ್ಲದೆ ಮುಂದುವರಿಸಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿಂದ ಕರೆ ಬಂದರೂ ಸಿದ್ಧಕಟ್ಟೆಯ ನಮ್ಮ ಮನೆಯಿಂದ ಸ್ಕೂಟರ್ ಹೊರಡುತ್ತಿತ್ತು. ಹಿಂದೆ ಎರಡು ಹೆಚ್ಚುವರಿ ಚಕ್ರ ಇರುವ ಸ್ಕೂಟರ್ ಅದು. ನನ್ನ ಎಡಗಾಲಿನ ಬಲವನ್ನು ಪೋಲಿಯೊ ಮೂರನೇ ವರ್ಷದಲ್ಲೇ ತೆಗೆದುಕೊಂಡಿದೆ.

ಕೊಕ್ಕಡದ ಯಶೋದಕ್ಕ ಹಾಗೆ ಕರೆದವರಲ್ಲಿ ಒಬ್ಬರು. ರಬ್ಬರ್ ಮರದ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಮಾಡಿ ಮಗಳನ್ನು ಒಬ್ಬರೇ ಸಾಕುತ್ತಿದ್ದರು. ಮಗಳು ದಿವ್ಯಾಳಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಆದ ಪೆಟ್ಟಿನಿಂದ ಕೈಕಾಲು ಬಿಗಿದುಕೊಂಡು ಹೇಳಿದ ಹಾಗೆ ಆಡದ ಸ್ಥಿತಿ. ಮಾತು ನಿಧಾನ, ಬುದ್ಧಿ ಮಾತ್ರ ಬಹಳ ಚುರುಕು. ನಾನು ತಡವಾಗಿ ಹೋದ ದಿನ, "ಹಮೀದಾಕ, ನಿಮ್ಮ ಸ್ಕೂಟರಿಗೆ ಇನ್ನೂ ಎರಡು ಚಕ್ರ ಹಾಕಿಸಿ, ಬೇಗ ಬರ್ಬಹುದು" ಎಂದು ತಮಾಷೆ ಮಾಡುತ್ತಿದ್ದಳು. ಹಿರಿಯರ ಹೆಸರಿಗೆ 'ಆಕ' ಸೇರಿಸಿ ಕರೆಯುವುದು ನಮ್ಮ ಬ್ಯಾರಿಗಳ ರೂಢಿ.

ಅವಳಿಗೆ ನಡೆಯಲು ಕಲಿಸಲೆಂದು ಅವರ ಅಂಗಳದಲ್ಲಿ ಕಬ್ಬಿಣದ ಪೈಪಿನ ಎರಡು ಸಾಲು ಕೈಹಿಡಿ ಹಾಕಿಸಿದೆವು. ಪ್ರತಿ ಗುರುವಾರ ನಾನು ಹೋಗುತ್ತಿದ್ದೆ. ಮೊದಲ ಆರು ತಿಂಗಳು ಅವಳು ಪೈಪ್ ಹಿಡಿದು ನಿಲ್ಲುವುದನ್ನು ಕಲಿತದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಒಂದು ಗುರುವಾರ ಕೈ ಬಿಟ್ಟು ಎರಡು ಹೆಜ್ಜೆ ಇಟ್ಟಳು. ಎರಡು ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು. ಹದಿನಾಲ್ಕನೆಯ ಹೆಜ್ಜೆಗೆ ಅವಳು ಅಂಗಳದ ತುಳಸಿಕಟ್ಟೆ ಮುಟ್ಟಿದ ದಿನ ಯಶೋದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನನಗೂ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಅದೇ ತಿಂಗಳು ದಿವ್ಯಾಳಿಗೆ ಹದಿನೆಂಟು ತುಂಬಿತು. ಚಿಕ್ಕಂದಿನಲ್ಲಿ ಮಾಡಿಸಿದ ಅಂಗವೈಕಲ್ಯ ಪ್ರಮಾಣಪತ್ರದ, ಅಂದರೆ ಎಲ್ಲರೂ 'ಕಾರ್ಡ್' ಎನ್ನುವುದರ, ಅವಧಿ ಮುಗಿದು ಬೆಳ್ತಂಗಡಿಯ ಶಿಬಿರದಲ್ಲಿ ಹೊಸ ತಪಾಸಣೆ ಆಗಬೇಕಿತ್ತು. ವೈದ್ಯರು ಪರೀಕ್ಷಿಸಿ ವೈಕಲ್ಯ ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಎಪ್ಪತ್ತೈದು ದಾಟಿದರೆ ಹೆಚ್ಚಿನ ಮಾಸಾಶನ, ಅದಕ್ಕಿಂತ ಇಳಿದರೆ ಕಡಿಮೆ. ಹಳೆಯ ಪತ್ರದಲ್ಲಿ ಎಂಬತ್ತು ಇತ್ತು. ಮಳೆಗಾಲದಲ್ಲಿ ಟ್ಯಾಪಿಂಗ್ ನಿಂತರೆ ಆ ಮನೆಯ ಒಲೆ ಉರಿಯುತ್ತಿದ್ದುದೇ ದಿವ್ಯಾಳ ಮಾಸಾಶನದಿಂದ.

ಈಗ ನನ್ನ ಕಸುಬಿನ ಒಂದು ಕೊಳಕು ಗುಟ್ಟು ಹೇಳಬೇಕು. ಶಿಬಿರಕ್ಕೆ ಹೋಗುವ ಮುಂಚೆ ನಾವು ಮನೆಯವರಿಗೆ ಪಾಠ ಹೇಳಿಕೊಡುತ್ತೇವೆ. ಆಗುವುದನ್ನು ಅಡಗಿಸಿ, ಆಗದ್ದನ್ನು ಮುಂದೆ ಮಾಡಿ ಎಂಬ ಪಾಠ ಅದು. ನನಗೆ ಇದನ್ನು ಕಲಿಸಿದವನು ಒಬ್ಬ ಬ್ರೋಕರ್. ಇಪ್ಪತ್ತನೆಯ ವಯಸ್ಸಿನಲ್ಲಿ ನನ್ನ ತಪಾಸಣೆಯ ದಿನ, "ಇನ್ನೂ ಸ್ವಲ್ಪ ಕುಂಟು ಮಾರಾಯ, ಇದು ಸಾಲದು" ಎಂದು ಆಸ್ಪತ್ರೆಯ ಜಗಲಿಯಲ್ಲಿ ಎರಡು ಸಲ ನಡೆಸಿ ನೋಡಿದ್ದ. ನಾನು ಕುಂಟಿದೆ. ಕೆಲಸ ಆಯಿತು. ಅಂದಿನಿಂದ ಅದೇ ನ್ಯಾಯ ಎಂದುಕೊಂಡೆ. ಕೊಡುವ ಮನಸ್ಸಿಲ್ಲದ ವ್ಯವಸ್ಥೆಯಿಂದ ಹಕ್ಕನ್ನು ಕಿತ್ತುಕೊಳ್ಳುವ ಜಾಣತನ ಎಂದುಕೊಂಡೆ. ನನ್ನಿಂದ ಹಾಗೆ ಪಾಠ ಕಲಿತವರು ಎಷ್ಟು ಜನವೋ, ಲೆಕ್ಕ ಇಟ್ಟಿಲ್ಲ.

ಶಿಬಿರದ ಹಿಂದಿನ ದಿನ ಕೊಕ್ಕಡಕ್ಕೆ ಹೋದೆ. ದಿವ್ಯಾ ನೀಲಿ ಚೂಡಿದಾರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನಾಳೆ ಡಾಕ್ಟ್ರಿಗೆ ನಡೆದು ತೋರಿಸ್ತೇನೆ" ಅಂದಳು.

"ನಾಳೆ ಒಂದು ದಿನ ಬೇಡ ಮಗಾ" ಅಂದೆ. "ನಡೆದರೆ ಪರ್ಸಂಟ್ ಇಳೀತದೆ. ಕಾರ್ಡ್ ಹೋದರೆ ಅಮ್ಮನಿಗೆ ಕಷ್ಟ. ನಾಡಿದ್ದಿನಿಂದ ಎಷ್ಟು ಬೇಕಾದರೂ ನಡಿ."

ಅವಳು ತಾಯಿಯ ಮುಖ ನೋಡಿದಳು. ಯಶೋದಕ್ಕ, "ಅವರಿಗೆ ಗೊತ್ತುಂಟು, ಅವರು ಹೇಳಿದ ಹಾಗೆ ಮಾಡುವ" ಎಂದರು. ಆ ನಂಬಿಕೆಯನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಶಿಬಿರದಲ್ಲಿ ಮಧ್ಯಾಹ್ನದವರೆಗೆ ಸಾಲು. ಯಶೋದಕ್ಕ ಮಗಳನ್ನು ಎತ್ತಿಕೊಂಡು ಒಳಗೆ ತಂದು ಮಂಚದ ಮೇಲೆ ಕೂರಿಸಿದರು. ನೀಲಿ ಚೂಡಿದಾರವನ್ನೇ ಹಾಕಿಕೊಂಡಿದ್ದಳು. ಮೂಳೆತಜ್ಞರು ಮೂಡುಬಿದಿರೆಯಿಂದ ಬಂದಿದ್ದ ನಡುವಯಸ್ಸಿನವರು, ಗಡಿಬಿಡಿ ಇಲ್ಲದ ಮನುಷ್ಯ. ಕೈಕಾಲಿನ ಬಿಗಿತ ನೋಡಿದರು, ಮೊಣಕಾಲು ಮಡಚಿ ನೋಡಿದರು. ಮತ್ತೆ ಅವಳನ್ನೇ ಕೇಳಿದರು: "ನಿಲ್ಲಲಿಕ್ಕೆ ಆಗ್ತದಾ? ಒಂದೆರಡು ಹೆಜ್ಜೆ?"

ದಿವ್ಯಾ ನನ್ನ ಕಡೆ ನೋಡಿದಳು. ಅವಳ ಎರಡೂ ಕೈ ಮಂಚದ ಅಂಚನ್ನು ಹಿಡಿದಿದ್ದವು. ಪೈಪು ಹಿಡಿದು ಏಳುವ ಮುಂಚೆ ಅವಳು ಹಿಡಿಯುತ್ತಿದ್ದುದೇ ಹಾಗೆ. ಎದ್ದೇಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು.

"ಇಲ್ಲ ಸರ್, ಆಗುವುದಿಲ್ಲ" ಎಂದು ನಾನೇ ಹೇಳಿಬಿಟ್ಟೆ.

ಅವಳ ಕೈ ಸಡಿಲವಾಯಿತು. ವೈದ್ಯರು ಬರೆದುಕೊಂಡರು. ಶೇಕಡಾ ಎಂಬತ್ತು, ಜೊತೆಗೆ ಗಾಲಿಕುರ್ಚಿಗೆ ಶಿಫಾರಸು. ನಾನು ಗೆದ್ದ ವಕೀಲನ ಹಾಗೆ ಹೊರಗೆ ಬಂದು ಮೂವರಿಗೂ ಚಾ ಹೇಳಿದೆ. ದಿವ್ಯಾ ಕುಡಿಯಲಿಲ್ಲ. ಆಯಾಸ ಇರಬೇಕು ಎಂದುಕೊಂಡೆ.

ಮುಂದಿನ ಗುರುವಾರ ಹೋದಾಗ ಅವಳು ಚಾಪೆಯಿಂದ ಏಳಲಿಲ್ಲ. "ಬೊಡ್ಚಿ" ಅಂದಳು. ಬೇಡ ಎನ್ನುವುದಕ್ಕೆ ತುಳುವಿನಲ್ಲಿ ಅಷ್ಟೇ. ಅದರ ಮುಂದಿನ ವಾರವೂ ಬೊಡ್ಚಿ. ಹುಡುಗಿಯ ಹಟ, ಎರಡು ದಿನದಲ್ಲಿ ಇಳಿಯುತ್ತದೆ ಎಂದು ಯಶೋದಕ್ಕನಿಗೆ ಸಮಾಧಾನ ಹೇಳಿದೆ. ನಾಲ್ಕನೆಯ ವಾರ ಕಾರಣ ಕೇಳಿದ್ದಕ್ಕೆ ಅವಳು ಒಂದೊಂದೇ ಶಬ್ದ ಹೊರಗೆ ತಳ್ಳಿ ಹೇಳಿದಳು: "ರಸ್ತೆಯವರು ಯಾರಾದ್ರೂ ನೋಡಿ ಹೇಳಿದ್ರೆ? ಕಾರ್ಡ್ ಹೋಗ್ತದೆ. ಅಮ್ಮನಿಗೆ ಕಷ್ಟ." ನನ್ನದೇ ಮಾತು. ಒಂದು ದಿನಕ್ಕೆಂದು ನಾನು ಹೇಳಿದ್ದನ್ನು ಅವಳು ತಾಯಿಗಾಗಿ ಜೀವಮಾನಕ್ಕೆ ತೆಗೆದುಕೊಂಡಿದ್ದಳು.

ಗಾಲಿಕುರ್ಚಿಯೂ ಬಂತು. ರಸ್ತೆಯಿಂದ ಅವರ ಮನೆಗೆ ಇಳಿಯುವುದು ಕಲ್ಲಿನ ಮೆಟ್ಟಿಲುಗಳಲ್ಲಿ. ಕುರ್ಚಿಯ ಮೇಲೆ ರಬ್ಬರ್ ಶೀಟ್ ಒಣಗಹಾಕಿದ್ದನ್ನು ನೋಡಿ ಬೈಯಲು ಬಾಯಿ ತೆರೆದವನು ಸುಮ್ಮನಾದೆ.

ಮೂರು ತಿಂಗಳಲ್ಲಿ ಅವಳ ಹಿಮ್ಮಡಿಯ ಸ್ನಾಯು ಬಿಗಿದು ಪಾದ ಕೆಳಗೆ ಬಾಗತೊಡಗಿತು. ಆಗ ತಡೆಯಲಾಗದೆ ಮೂಡುಬಿದಿರೆಗೆ ಹೋಗಿ ಆ ವೈದ್ಯರ ಮುಂದೆ ಕೂತು ಎಲ್ಲ ಹೇಳಿದೆ. ಬೈಯುತ್ತಾರೆ, ಪತ್ರ ರದ್ದು ಮಾಡುತ್ತಾರೆ, ನನ್ನ ಮೇಲೆ ದೂರು ಹೋಗುತ್ತದೆ ಎಂದು ತಯಾರಾಗಿಯೇ ಹೋಗಿದ್ದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹದಿನಾಲ್ಕು ಹೆಜ್ಜೆಗೆ ಎಷ್ಟು ಇಳೀತಿತ್ತು ಅಂತ ಮಾಡಿದ್ದೀರಿ? ಎರಡೋ ಮೂರೋ. ಎಪ್ಪತ್ತೈದರಿಂದ ಕೆಳಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಅವಳ ಬಿಗಿದ ಎರಡು ಕೈಯನ್ನೂ ನೋಡಿದ್ದೇನಲ್ಲ ನಾನು, ಅದೂ ಲೆಕ್ಕಕ್ಕೆ ಬರ್ತದೆ."

ಅವರೇ ಮುಂದುವರಿಸಿದರು.

"ನಡೀತಾಳೆ ಅಂತ ಒಂದು ಮಾತು ಹೇಳಿದ್ದರೆ ಅವತ್ತೇ ಪಾದಕ್ಕೆ ಸ್ಪ್ಲಿಂಟ್ ಬರೆದು ಕೊಡ್ತಿದ್ದೆ. ನಡೆಯುವುದೇ ಇಲ್ಲ ಅಂದಿರಿ, ಕುರ್ಚಿ ಬರೆದೆ."

ಸ್ಪ್ಲಿಂಟ್ ಅಂದರೆ ಪಾದ ಬಾಗದಂತೆ ಹಿಡಿದಿಡುವ ಪ್ಲಾಸ್ಟಿಕ್ಕಿನ ಪಟ್ಟಿ. ಯಾವ ಪಾದ ಬಾಗಿದೆ ಎಂದು ನಾನು ಓಡಿ ಬಂದಿದ್ದೆನೋ ಅದೇ ಪಾದಕ್ಕೆ. ಸರಕಾರವನ್ನು, ಕಚೇರಿಯನ್ನು, ಡಾಕ್ಟರನ್ನು ಅಷ್ಟು ವರ್ಷ ಬೈದುಕೊಂಡು ತಿರುಗಿದವನಿಗೆ ಅಂದು ಬೈಯಲು ನನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋದದ್ದು ಅವಳ ಮಾನ, ಕಳೆದದ್ದು ನಾನು.

ವೈದ್ಯರು ಅಂದೇ ಸ್ಪ್ಲಿಂಟ್ ಬರೆದುಕೊಟ್ಟರು. ಅದನ್ನು ಮಾಡಿಸಿ ಕೊಕ್ಕಡಕ್ಕೆ ತೆಗೆದುಕೊಂಡು ಹೋಗಿ ದಿವ್ಯಾಳ ಮುಂದೆ ಕೂತೆ. "ನಡೆದರೂ ಕಾರ್ಡ್ ಹೋಗುವುದಿಲ್ಲ ಮಗಾ. ಡಾಕ್ಟ್ರೇ ಹೇಳಿದ್ದಾರೆ. ತಪ್ಪು ನನ್ನದು" ಅಂದೆ.

ಅವಳು ಬಹಳ ಹೊತ್ತು ಸ್ಪ್ಲಿಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ಕೇಳಿದಳು: "ಅವರು ನನ್ನ ಹತ್ರ ಅಲ್ವಾ ಕೇಳಿದ್ದು?"

ಹದಿನಾಲ್ಕು ವರ್ಷ ಬೇರೆಯವರ ಪರವಾಗಿ ಮಾತಾಡಿದ ನಾನು ಅಂದು ಅವಳನ್ನು ಕೇಳಿದ ಪ್ರಶ್ನೆಗೂ ನಾನೇ ಉತ್ತರ ಕೊಟ್ಟುಬಿಟ್ಟಿದ್ದೆ. ಒಬ್ಬರ ಹಕ್ಕಿಗಾಗಿ ದನಿ ಎತ್ತುವ ಮೊದಲು ಅವರ ಬಾಯಿಗೆ ನಮ್ಮ ಕೈ ಅಡ್ಡ ಇಲ್ಲವೆಂದು ನೋಡಿಕೊಳ್ಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು, ಅದೂ ಇನ್ನೊಬ್ಬರ ಕಾಲಿನ ಖರ್ಚಿನಲ್ಲಿ. ಈಗ ಶಿಬಿರಕ್ಕೆ ಜನರನ್ನು ಕರೆದೊಯ್ದರೆ ನಾನು ಬಾಗಿಲ ಹೊರಗೆ ನಿಲ್ಲುತ್ತೇನೆ.

ಸ್ಪ್ಲಿಂಟ್ ಕಟ್ಟಿಕೊಂಡ ಮೇಲೂ ಮೂರು ಗುರುವಾರ ಅವಳು ಏಳಲಿಲ್ಲ. ನಾಲ್ಕನೆಯ ಗುರುವಾರ ನಾನು ಬರಿಗೈಯಲ್ಲಿ ಹೊರಟಾಗ ಯಶೋದಕ್ಕ ಮೆಟ್ಟಿಲವರೆಗೆ ಬಂದರು. ಹೇಳಲೋ ಬೇಡವೋ ಎಂದು ಸ್ವಲ್ಪ ತಡೆದು, ಸಣ್ಣ ದನಿಯಲ್ಲಿ ಹೇಳಿದರು: "ಬೇಜಾರು ಮಾಡ್ಬೇಡಿ ಹಮೀದಾಕ. ಅವಳು ನಡೀತಾಳೆ, ನಿನ್ನೆ ಆರು ಹೆಜ್ಜೆ ನಡೆದಳು. ನೀವು ಇರುವಾಗ ಮಾತ್ರ ಏಳುವುದಿಲ್ಲ."

ಆ ಗುರುವಾರದ ನಂತರ ನಾನು ಆ ಅಂಗಳಕ್ಕೆ ಹೋಗಿಲ್ಲ.