ಅಕ್ಕಿಯ ಮೇಲೆ ಬರೆದ ಹೆಸರು

ತಟ್ಟೆಯ ಅಕ್ಕಿಯಲ್ಲಿ ಉಂಗುರ ಗೀರುವ ಆ ಸಣ್ಣ ಸದ್ದು ಎಷ್ಟೋ ವರ್ಷಗಳ ಮೇಲೆ ಮೊನ್ನೆ ನನ್ನ ಕಿವಿಗೆ ಮರಳಿತು, ಅದೂ ಬೀದರಿನಲ್ಲಿ ನಾನು ಓದಿದ ಕಾನ್ವೆಂಟಿನ ಕಂಪ್ಯೂಟರ್ ರೂಮಿನಲ್ಲಿ. ಹಳೆಯ ವಿದ್ಯಾರ್ಥಿನಿಯರ ವೆಬ್‌ಸೈಟ್ ಮಾಡುತ್ತಿದ್ದ ಟೀಚರ್ ಶಿವಲೀಲಾಗೆ ನನ್ನ ಬೆಂಚ್‌ಮೇಟ್ ಗಿರಿಜಾಳನ್ನು ಹುಡುಕಲು ಹೇಳಿದ್ದೆ. "ನೋ ರೆಕಾರ್ಡ್ಸ್" ಎಂದಿತು ಪರದೆ. "ಹಂಗಂದ್ರ ಆಕಿ ಹೋಗಿಬಿಟ್ಟಾಳೇನ?" ಎಂದು ಕೇಳಿಬಿಟ್ಟೆ, ನಮ್ಮದು ಆ ವಯಸ್ಸು.

"ಅಂಜಬ್ಯಾಡ್ರಿ ಅಮ್ಮಾರ, ಲಗ್ನದಾಗ ಹೆಸರು ಬದಲಿ ಮಾಡಿರ್ತಾರ. ನಮ್ಮವ್ವಂದೂ ಹಂಗ ಆಗ್ಯಾದ್ರಿ," ಎಂದಳು ಶಿವಲೀಲಾ. "ಸಾಲಿ ಹೆಸರು ಒಂದು ಪಟ್ಟ್ಯಾಗ ಅದ, ಈಗಿನ ಹೆಸರು ಇನ್ನೊಂದರಾಗ. ಅಡ್ಮಿಷನ್ ನಂಬರ್ ಎರಡರಾಗೂ ಒಂದ. ಅದನ್ನ ಹಿಡಿದು ಜೋಡಿಸಿ ಕೇಳ್ತೇನಿ, ತಡೀರಿ." ಜಾವಾಸ್ಕ್ರಿಪ್ಟ್‌ನೊಳಗಿನ ಕ್ವೆರಿಯನ್ನು, ಅಂದರೆ ಹುಡುಕುವ ಆಜ್ಞೆಯನ್ನು, ತಿದ್ದಿ ಮತ್ತೆ ಗಿರಿಜಾ ಎಂದು ಟೈಪ್ ಮಾಡಿದಳು. ಪರದೆಯ ಮೇಲೆ ಒಂದೇ ಸಾಲು ಬಂತು: ಸುನಂದಾ, ಭಾಲ್ಕಿ. ಪಕ್ಕದಲ್ಲಿ ಫೋನ್ ನಂಬರ್.

ಅಲ್ಲಿಂದಲೇ ಫೋನ್ ಮಾಡಿದೆ. "ಗಿರಿಜಾ ಏನ?" ಎಂದೆ.

"ಯಾರವ್ವ ನೀ? ಆ ಹೆಸರು ಗೊತ್ತಿದ್ದೋರು ಯಾರೂ ಉಳಿದಿಲ್ಲ ಅಂದ್ಕೊಂಡಿದ್ದೆ."

ಹೆಸರು ಹೇಳುವ ಬದಲು, ತಡವಾಗಿ ಬಂದು ಕ್ಲಾಸಿನ ಬಾಗಿಲಲ್ಲಿ ನಿಂತಾಗಿನ ದನಿಯಲ್ಲಿ "ಮೇ ಐ ಕಮ್ ಇನ್, ಸಿಸ್ಟರ್?" ಎಂದೆ.

"ಯೂ ಆರ್ ವೆರಿ ಲೇಟ್," ಎಂದು ಅವಳು ನಕ್ಕಳೋ ಅತ್ತಳೋ, ತಿಳಿಯಲಿಲ್ಲ.

ಬರುವ ಭಾನುವಾರ ಭಾಲ್ಕಿಗೆ ಹೊರಟಿದ್ದೇನೆ. ಅವಳನ್ನು ಕೊನೆಯ ಸಲ ನೋಡಿದ್ದು ಅವಳ ಲಗ್ನದಲ್ಲಿ. ಮದುಮಗ ಉಂಗುರದಿಂದ ಅಕ್ಕಿಯಲ್ಲಿ ಅವಳ ಹೊಸ ಹೆಸರು ಬರೆಯುತ್ತಿದ್ದ, ಎಲ್ಲರೂ ತಟ್ಟೆಯ ಮೇಲೆ ಬಗ್ಗಿದ್ದರು. ಗಿರಿಜಾ ನನ್ನನ್ನು ನೋಡುತ್ತಿದ್ದಳು, ನಾನು ಅವಳನ್ನು. ಆ ಹೆಸರನ್ನು ನಾವಿಬ್ಬರೂ ಓದಲೇ ಇಲ್ಲ.