ತೋಟದ ಶಾಲೆಯ ಜೋಡಿ

‘ತರಗತಿ ನಿರ್ವಹಣೆ’ ಎಂಬ ವಿಷಯದ ಮೇಲೆ ಚಿಕ್ಕೋಡಿಯಲ್ಲಿ ತರಬೇತಿ ಇದೆ, ಎಲ್ಲ ಶಿಕ್ಷಕರೂ ತಪ್ಪದೆ ಬರಬೇಕು ಎಂದು ಮೊಬೈಲಿಗೆ ಸಂದೇಶ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಆ ಹೊತ್ತಿಗೆ ನನ್ನ ತರಗತಿಯಲ್ಲಿ ಉಳಿದಿದ್ದವಳು ಒಬ್ಬಳೇ ಹುಡುಗಿ. ಮೂರನೆಯ ಇಯತ್ತೆಯವಳು. ಅವಳೊಬ್ಬಳು ಎಷ್ಟು ಗದ್ದಲ ಮಾಡಿಯಾಳು, ನಾನು ಏನೆಂದು ಅವಳನ್ನು ನಿರ್ವಹಿಸಲಿ? ಅವಳು ಗದ್ದಲ ಮಾಡಿದ್ದರೆ ಪೇಡೆ ತಂದು ಹಂಚುತ್ತಿದ್ದೆ.

ನಮ್ಮದು ತೋಟದ ಶಾಲೆ. ಈ ಕಡೆಯ ರೈತರು ಬಹಳಷ್ಟು ಜನ ಊರೊಳಗೆ ಇರುವುದಿಲ್ಲ. ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ, ಅದಕ್ಕೆ ತೋಟ ಎನ್ನುತ್ತಾರೆ. ಅಂಥ ನಾಲ್ಕಾರು ತೋಟಗಳ ಮಕ್ಕಳಿಗೆಂದು ಕಬ್ಬೂರಿನ ಹೊರಗೆ ಒಂದು ಕೋಣೆ, ಒಂದು ಪಡಸಾಲೆ, ಒಂದು ಬೇವಿನ ಗಿಡ ಇತ್ತು. ಒಂದರಿಂದ ಐದರವರೆಗೆ ಎಲ್ಲರೂ ಅದೇ ಕೋಣೆಯಲ್ಲಿ, ಎಲ್ಲರಿಗೂ ನಾನೊಬ್ಬಳೇ. ಸುತ್ತ ಕಬ್ಬು. ದೀಪಾವಳಿಯ ಹೊತ್ತಿಗೆ ಕಬ್ಬು ಕಿಟಕಿಯನ್ನು ದಾಟಿ ಬೆಳೆದು ರಸ್ತೆಯೂ ಕಾಣುತ್ತಿರಲಿಲ್ಲ, ರಸ್ತೆಗೆ ನಾವೂ ಕಾಣುತ್ತಿರಲಿಲ್ಲ. ನಾನು ತೆಲಸಂಗದ ಬಯಲಿನವಳು. ನಮ್ಮಲ್ಲಿ ಬರುವ ನೆಂಟರು ದೂರದಿಂದಲೇ ಕಾಣುತ್ತಾರೆ, ಅವರು ಬಾಗಿಲಿಗೆ ಬರುವಷ್ಟರಲ್ಲಿ ಚಹಕ್ಕೆ ಇಟ್ಟಿರಬಹುದು. ಇಲ್ಲಿ ಯಾರಾದರೂ ಬಂದರೆ ಎದುರಿಗೇ ಬಂದು ನಿಲ್ಲುತ್ತಿದ್ದರು. ಬರುವವರೂ ಕಡಿಮೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಕಬ್ಬೂರಿನಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು ಒಬ್ಬಳೇ ಇದ್ದೆ. ಬೀಗ ತೆಗೆಯುವವಳೂ ನಾನೇ, ಹಾಕುವವಳೂ ನಾನೇ.

ನಾನು ಬಂದ ಹೊಸದರಲ್ಲಿ ಆ ಕೋಣೆ ತುಂಬಿರುತ್ತಿತ್ತು. ಒಂದು ಮೂಲೆಯವರಿಗೆ ಅಕ್ಷರ ತಿದ್ದಿಸುವಾಗ ಇನ್ನೊಂದು ಮೂಲೆಯಲ್ಲಿ ಕುಸ್ತಿ. ಬೈಗುಳ ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ಕೂಗಿ ಕೂಗಿ ಗಂಟಲು ಹರಿದುಕೊಂಡ ಮೇಲೆ ನಾನೊಂದು ಪದ್ಧತಿ ಹಾಕಿದೆ. ಪ್ರತಿ ಮಗುವಿಗೂ ಒಂದು ಜೋಡಿ. ಹಾಜರಿ ಕರೆಯುವಾಗ ಬಂದವರು ‘ಹಾಜರ್ರಿ’ ಎನ್ನಬೇಕು. ಬಾರದಿದ್ದರೆ ಅವರ ಜೋಡಿ ಎದ್ದು ನಿಂತು ಯಾಕೆ ಬಂದಿಲ್ಲ, ಎಲ್ಲಿದ್ದಾರೆ ಹೇಳಬೇಕು. ‘ಗೊತ್ತಿಲ್ರಿ’ ಎನ್ನುವಂತಿಲ್ಲ. ಬರುವ ದಾರಿಯಲ್ಲಿ ಜೋಡಿಯ ಮನೆ ಮುಂದೆ ನಿಂತು ಕೇಳಿಕೊಂಡೇ ಬರಬೇಕು.

“ಬಂದಿಲ್ರಿ ಅಕ್ಕೋರ. ಜ್ವರಾ ಬಂದಾವ್ರಿ, ಗಂಜಿ ಕುಡದ ಮಕ್ಕೊಂಡಾನ.”

“ಬಂದಿಲ್ರಿ. ಮಾಮಾನ ಊರಿಗೆ ಕೊಗನೊಳ್ಳಿಗೆ ಹೋಗ್ಯಾಳ್ರಿ, ಕೂಸಿನ ಜಾವಳ ಐತಿ, ತಲಿ ಬೋಳಸ್ತಾರ.”

ಇದು ಹಾಜರಿಗೆ ಮಾತ್ರವಲ್ಲ. ಒಬ್ಬ ಗದ್ದಲ ಮಾಡಿದರೆ ನಾನು ಅವನನ್ನು ಗದರುತ್ತಿರಲಿಲ್ಲ, ಅವನ ಜೋಡಿಯ ಕಡೆ ಸುಮ್ಮನೆ ನೋಡುತ್ತಿದ್ದೆ. ಜೋಡಿಯವನೇ ಅಂಗಿ ಜಗ್ಗಿ ಕೂಡಿಸುತ್ತಿದ್ದ. ಕೋಲು ಮುಟ್ಟದೆ ಆ ಕೋಣೆಯನ್ನು ನಡೆಸಿದೆ ಎಂಬ ಜಂಬ ನನಗೆ ಇಂದಿಗೂ ಇದೆ. ಮಕ್ಕಳ ಸಂಖ್ಯೆ ಬೆಸವಾದಾಗ ಒಬ್ಬರು ಉಳಿಯುತ್ತಿದ್ದರು. ಹಾಗೆ ಉಳಿದವರಿಗೆ ಜೋಡಿ ನಾನು.

ಆಮೇಲೆ ತೋಟಗಳಿಗೆ ಹಳದಿ ವ್ಯಾನು ಬರತೊಡಗಿತು. ಇಂಗ್ಲಿಷ್ ಶಾಲೆಯದು. ಮನೆ ಬಾಗಿಲಿಗೇ ಬಂದು ಹಾರನ್ ಹೊಡೆಯುವ ವ್ಯಾನಿನ ಮುಂದೆ ನನ್ನ ಜೋಡಿ ಪದ್ಧತಿ ಎಷ್ಟರದು? ಕಬ್ಬು, ದ್ರಾಕ್ಷಿ ಇದ್ದ ಮನೆಗಳವರು ಮೊದಲು ಹೋದರು, ಅವರನ್ನು ನೋಡಿ ಉಳಿದವರು. ಕೊನೆಗೆ ಬೇರೆಯವರ ತೋಟದಲ್ಲಿ ದುಡಿಯುವವನೊಬ್ಬನ ಮಗಳು ಮಾತ್ರ ಉಳಿದಳು.

ಅವಳು ಶಿಸ್ತಿನವಳು. ಒಬ್ಬಳಿಗೆ ಹಾಜರಿ ಯಾಕೆಂದು ನಾನು ನೇರ ಪಾಠಕ್ಕೆ ಕೈಹಾಕಿದರೆ ಒಪ್ಪುತ್ತಿರಲಿಲ್ಲ. ನಾನು ಅವಳ ಹೆಸರು ಕರೆಯಬೇಕು, ಅವಳು ಎದ್ದು ನಿಂತು ‘ಹಾಜರ್ರಿ’ ಎನ್ನಬೇಕು. ಆಮೇಲೆ ಅವಳು ‘ಅಕ್ಕೋರ’ ಎಂದು ಕರೆಯಬೇಕು, ನಾನು ಎದ್ದು ನಿಂತು ‘ಹಾಜರ್ರಿ’ ಎನ್ನಬೇಕು. ಮೊದಮೊದಲು ಆಟವೆನಿಸುತ್ತಿತ್ತು. ಆಮೇಲಾಮೇಲೆ ಬೆಳಿಗ್ಗೆ ಖೋಲಿಯಲ್ಲಿ ಜಡೆ ಹಾಕಿಕೊಳ್ಳುವಾಗ ಆ ಕರೆ ನೆನಪಾಗಿ ಕೈ ಚುರುಕಾಗುತ್ತಿತ್ತು. ಇಡೀ ದಿನದಲ್ಲಿ ನನ್ನನ್ನು ಕರೆದು, ಇದ್ದೇನೋ ಇಲ್ಲವೋ ಎಂದು ಕೇಳುವವಳು ಅವಳೊಬ್ಬಳೇ.

ತರಬೇತಿಯ ಹಿಂದಿನ ದಿನ, “ನಾಳಿ ನಂದ ಚಿಕ್ಕೋಡ್ಯಾಗ ಟ್ರೇನಿಂಗ್ ಐತಿ, ಸೂಟಿ, ಬರಬ್ಯಾಡ” ಎಂದು ಅವಳಿಗೆ ಹೇಳಿದೆ. ಮರುದಿನ ಚಿಕ್ಕೋಡಿಗೆ ಹೋದೆ. ತರಬೇತಿ ಕೊಡುವವರು ಹುರುಪಿನವರು. ಗದ್ದಲ ಜಾಸ್ತಿಯಾದರೆ ಚಪ್ಪಾಳೆ ತಟ್ಟಿ, ದನಿ ಏರಿಸಬೇಡಿ, ಇಳಿಸಿ, ಕೈ ಎತ್ತಿ ಸುಮ್ಮನೆ ನಿಲ್ಲಿ ಎಂದರು. ತಪ್ಪೇನಿಲ್ಲ, ಎಲ್ಲವೂ ಸರಿಯೇ. ಗದ್ದಲವೇ ಇಲ್ಲದ ಕೋಣೆಯಲ್ಲಿ ಏನು ಮಾಡಬೇಕೆಂದು ಮಾತ್ರ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಇಬ್ಬಿಬ್ಬರು ಕೂತು ಚರ್ಚಿಸಿ ಎಂದರು. ಎಲ್ಲರೂ ಕುರ್ಚಿ ತಿರುಗಿಸಿಕೊಂಡು ಕೂತರು. ಉಳಿದವಳು ನಾನು. “ಮೇಡಂ, ನೀವು ಯಾವುದಾದರೂ ಗುಂಪಿಗೆ ಸೇರ್ಕೊಳ್ರಿ” ಎಂದರು. ಒಂದು ಜೋಡಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಅವರಿಬ್ಬರು ವರ್ಗಾವಣೆಯ ಮಾತು ಮುಂದುವರಿಸಿದರು.

ತರಬೇತಿ ಬೇಗ ಮುಗಿಯಿತು. ಕಬ್ಬೂರಿನ ಬಸ್ಸಿನಲ್ಲಿ ಬರುವಾಗ ನಮ್ಮ ತೋಟದ ಕ್ರಾಸಿನಲ್ಲೇ ಇಳಿದೆ. ಶಾಲೆಯಲ್ಲಿ ಕೆಲಸವೇನೂ ಇರಲಿಲ್ಲ. ಖೋಲಿಗೆ ಹೋಗಿ ಮಾಡುವುದೂ ಏನಿರಲಿಲ್ಲ. ಕಬ್ಬಿನ ನಡುವಿನ ದಾರಿ ಮುಗಿದು ಪಡಸಾಲೆ ಕಂಡಾಗ ಅಲ್ಲಿ ಅವಳು ಕೂತಿದ್ದಳು. ಸಮವಸ್ತ್ರ, ಎಣ್ಣೆ ಹಚ್ಚಿದ ಎರಡು ಜಡೆ, ಮಗ್ಗುಲಲ್ಲಿ ಪಾಟಿಚೀಲ. ಬಾಗಿಲಿಗೆ ಹಿಂದಿನ ದಿನ ನಾನೇ ಹಾಕಿದ ಬೀಗ.

“ಸೂಟಿ ಅಂತ ಹೇಳಿದ್ನೆಲ್ಲ ಬೇ, ಯಾಕ ಬಂದಿ?”

“ನಿಮ್ಮ ಜೋಡಿ ನಾನ ಅಲ್ರಿ? ನೀವ ಬರದಿದ್ರ ನಾ ಹೇಳಬೇಕಲ್ರಿ.”

“ಇಲ್ಲಿ ಯಾರ ಅದಾರಂತ ಹೇಳಾಕ ಕುಂತಿ?”

“ಹಾಲಿನ ಗಾಡ್ಯಾಂವ ಕೇಳಿದಾನ್ರಿ, ಸಾಲಿಗೆ ಯಾಕ ಕೀಲಿ ಐತಿ ಅಂತ. ಅಕ್ಕೋರ ಬಂದಿಲ್ಲ, ಚಿಕ್ಕೋಡಿಗೆ ಟ್ರೇನಿಂಗಿಗೆ ಹೋಗ್ಯಾರ, ಭಾಳ ಕೆಮ್ಮಾಕತ್ತಾರ, ನಾಳಿ ಬರ್ತಾರ ಅಂತ ಹೇಳಿನ್ರಿ.”

ಎರಡು ದಿನದಿಂದ ನನಗೆ ಕೆಮ್ಮಿತ್ತು ನಿಜ. ನಾನು ಯಾರಿಗೂ ಹೇಳಿರಲಿಲ್ಲ, ಕೇಳುವವರೂ ಇರಲಿಲ್ಲ. ತರಬೇತಿಯ ಕೋಣೆಯಲ್ಲಿ ಮತ್ತೆ ಮತ್ತೆ ಕೆಮ್ಮಿದಾಗ ಮುಂದಿನ ಸಾಲಿನವರು ತಿರುಗಿ ನೋಡಿ ಮೂಗು ಮುಚ್ಚಿಕೊಂಡಿದ್ದರು, ಅಷ್ಟೆ. ಇಲ್ಲಿ ಈ ಹುಡುಗಿ ಹಾಲಿನವನ ಮುಂದೆ ಎದ್ದು ನಿಂತು ನನ್ನ ಕೆಮ್ಮಿನ ವರದಿ ಒಪ್ಪಿಸಿದ್ದಳು. ನಾನು ಪಡಸಾಲೆಯ ಅಂಚಿಗೆ ಕೂತು ಅತ್ತೆ. ಅವಳು ಗಾಬರಿಯಾಗಿ ನೀರಿನ ಬಾಟಲಿ ಮುಂದೆ ಹಿಡಿದಳು.

ಸಂತೋಷಕ್ಕೇ ಅತ್ತೆನೆಂದು ಹೇಳಲಾರೆ. ಅವಳ ವಯಸ್ಸಿನ ಮಕ್ಕಳು ಕುಂಟಾಬಿಲ್ಲೆ ಆಡಿ, ಜಗಳಾಡಿ, ಮಾತು ಬಿಟ್ಟು ಮತ್ತೆ ಮಾತಾಡುವ ಹೊತ್ತಿನಲ್ಲಿ ಈ ಹುಡುಗಿ ಕೀಲಿ ಹಾಕಿದ ಬಾಗಿಲ ಮುಂದೆ ಕೂತು ಒಬ್ಬ ಅರ್ಧ ಮುದುಕಿಯ ಹಾಜರಿ ಕಾಯುತ್ತಿದ್ದಳು. ಅವಳಿಗೆ ಜಗಳಾಡಲು ಒಬ್ಬರು ಬೇಕಾಗಿತ್ತು. ನನ್ನೊಂದಿಗೆ ಅವಳು ಜಗಳಾಡುವ ಹಾಗಿರಲಿಲ್ಲ.

ಮರುದಿನ ಅವಳ ಅಪ್ಪನ ಬಳಿ ಹೋಗಿ, ಇವಳನ್ನು ಕಬ್ಬೂರಿನ ಊರೊಳಗಿನ ಸರಕಾರಿ ಶಾಲೆಗೆ ಹಾಕಿ ಎಂದೆ. ಅವನು ಕಬ್ಬಿಗೆ ನೀರು ಹಾಯಿಸುತ್ತಿದ್ದ.

“ಕಬ್ಬಿನಾಗ ಹಾದು ಒಬ್ಬಾಕೀನ ಹೆಂಗ ಕಳಸೂದ್ರಿ ಅಕ್ಕೋರ?”

“ಕೆಳಗಿನ ತೋಟದ ಹುಡಗಿ ಮೊದಲಿಂದ ಊರ ಸಾಲಿಗೇ ಹೋಗ್ತೈತಿ. ಅದರದೂ ಮೂರನೇ ಇಯತ್ತೆ. ಇಬ್ಬರೂ ಕೂಡಿ ಹೋಗ್ಲಿ, ಮೊದಲ ದಿನ ನಾನ ಜೋಡಿ ಹೋಗಿ ಬಿಟ್ಟ ಬರ್ತೇನಿ.”

ಅವನು ಸಲಿಕೆಗೆ ಒರಗಿ ನಿಂತ. “ಮತ್ತ ನಮ್ಮ ಸಾಲಿ ಮುಚ್ಚತಾರಲ್ರಿ. ನೀವೆಲ್ಲಿ ಹೋಗ್ತೀರಿ?”

“ನನ್ನದೇನೈತಿ, ಹಾಕಿದಲ್ಲಿ ಹೋಗೂದು. ಆಕೀದ ನೋಡ್ರಿ ನೀವು.”

ಕೊನೆಗೆ ಅವನು ಒಪ್ಪಿ ಅವಳ ಹೆಸರು ಹಚ್ಚಿಸಿದ. ಮೊದಲ ದಿನ ಊರ ಶಾಲೆಯ ದಾರಿಯಲ್ಲಿ ಇಬ್ಬರು ಹುಡುಗಿಯರಿಗೂ ಜೋಡಿ ಪದ್ಧತಿ ಹೇಳಿಕೊಟ್ಟೆ. ಕೆಳಗಿನ ತೋಟದವಳು ಬಾಯಿಬಡುಕಿ, ಕೂಡಲೇ ಒಪ್ಪಿಕೊಂಡಳು. ಊರ ಶಾಲೆಯ ತರಗತಿಗೆ ಕಾಲಿಟ್ಟಾಗ ಆ ಗದ್ದಲಕ್ಕೆ ನನ್ನ ಹುಡುಗಿ ಜೋಡಿಯ ಅಂಗಿ ಹಿಡಿದುಕೊಂಡೇ ಕೂತಳು. ಅಲ್ಲಿಯ ಅಕ್ಕೋರು ಹಾಜರಿಯ ಕೊನೆಗೆ ಇವಳ ಹೆಸರು ಕರೆದರು. ಇವಳಿಂದ ದನಿ ಹೊರಡಲಿಲ್ಲ. ಎರಡನೆಯ ಸಲ ಕರೆದರು. ಬಾಗಿಲಲ್ಲಿ ನಿಂತ ನಾನು ‘ಹಾಜರ್ರಿ’ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತ ಬಾಯಿಬಡುಕಿ ಎದ್ದು ನಿಂತಳು.

“ಬಂದಾಳ್ರಿ! ಇಲ್ಲೇ ಅದಾಳ್ರಿ, ಅಂಜ್ಯಾಳ!”

ಇಡೀ ಕೋಣೆ ನಕ್ಕಿತು. ನನ್ನ ಹುಡುಗಿಯೂ ನಕ್ಕಳು. ಆಮೇಲೆ ಏನೋ ನೆನಪಾದವಳಂತೆ ಎದ್ದು ಬಾಗಿಲಿಗೆ ಓಡಿ ಬಂದು ಕೇಳಿದಳು.

“ಅಕ್ಕೋರ, ಇನ್ನ ನಿಮ್ಮ ಹಾಜರಿ ಯಾರ ಹೇಳ್ತಾರ್ರಿ?”

“ನಂದ ನಾ ಹೇಳ್ಕೋತೇನಿ. ನೀ ಹೋಗಿ ಕುಂದರು” ಎಂದೆ.

ನಮ್ಮ ಶಾಲೆಯನ್ನು ಊರ ಶಾಲೆಯೊಳಗೆ ಸೇರಿಸಿದರು. ನನ್ನನ್ನು ಕಾಗವಾಡದ ಕಡೆ ಹಾಕಿದರು. ಇಲ್ಲಿ ಕೋಣೆ ತುಂಬ ಮಕ್ಕಳು, ಗದ್ದಲವೋ ಗದ್ದಲ. ಬಂದ ವಾರದಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಜೋಡಿ ಮಾಡಿದೆ. ಒಬ್ಬೊಬ್ಬರನ್ನೇ ಕರೆದು, ಇವಳಿಗೆ ಇವಳು, ಅವನಿಗೆ ಇವನು ಎಂದು ಕೂಡಿಸುತ್ತಾ ಬಂದೆ. ಸಾಲಿನ ತುದಿಗೆ ಬಂದಾಗ ಇಬ್ಬರಿದ್ದರು. ಅವರೂ ಕೈ ಕೈ ಹಿಡಿದುಕೊಂಡು ಹೋಗಿ ಕೂತರು. ನನಗೆಂದು ಯಾರೂ ಉಳಿಯಲಿಲ್ಲ.